ಗುಡ್ಡದ ನೆತ್ತಿಗೆ ಟವರ್ ಬೇಕಿತ್ತಾ? ನಮ್ಮಣ್ಣನ ತೋಟದ ಕಡಂಗದ ಕೇಸು

ಹೋದ ವರ್ಷ ಮಾರ್ಚ್‌ನಲ್ಲಿ ದೊಡ್ಡಮ್ಮನ ಮಗ ಫೋನ್ ಮಾಡಿ, "ತಮ್ಮಾ, ನಿನ್ ಸರ್ವೆ ಸಾಮಾನೆಲ್ಲ ಎತ್ಕೊಂಡು ಒಂದ್ ದಿನ ಬಾ, ನಮ್ ಗುಡ್ಡದ್ ಮೇಲೆ ರಾಜರ ಕಾಲದ್ ವಾಚ್ ಟವರ್ ಇತ್ತು ಕಣೋ, ಅದನ್ನ ಮತ್ತೆ ಕಟ್ತೀನಿ" ಅಂದ. ಸೋಮವಾರಪೇಟೆ ತಾಲ್ಲೂಕಲ್ಲಿ ಅವನ ತೋಟ, ಅರೇಬಿಕಾ ಜಾಸ್ತಿ, ಸಿಲ್ವರ್ ಓಕಿಗೆ ಒಳ್ಳೆಮೆಣಸು ಹಬ್ಬಿಸಿದಾನೆ, ಮೂರು ವರ್ಷದಿಂದ ಹೋಮ್‌ಸ್ಟೇ ಬೇರೆ. ಹೋಮ್‌ಸ್ಟೇ ಇಟ್ಕೊಂಡೋರಿಗೆಲ್ಲ ಒಂದ್ ಕಾಯಿಲೆ ಇರುತ್ತೆ, ಪಕ್ಕದೋನ ಹತ್ರ ಇಲ್ದಿರೋದು ನನ್ನ ಹತ್ರ ಏನಿದೆ ಅಂತ ಹುಡ್ಕೋದು. ಇವನಿಗೆ ಸಿಕ್ಕಿದ್ದು ಗುಡ್ಡದ ಮೇಲಿನ ಒಂದು ಕಲ್ಲುಗುಪ್ಪೆ.

ನಾನು ಖಾಸಗಿ ಸರ್ವೆ ಕೆಲಸ ಮಾಡೋನು, ಇತಿಹಾಸದ ಪಂಡಿತ ಅಲ್ಲ. ಆದ್ರೆ ನೆಲ ಓದೋದು ಗೊತ್ತು. ಈ ಕೇಸಲ್ಲಿ ಕೊನೆಗೆ ಉಪಯೋಗಕ್ಕೆ ಬಂದಿದ್ದೂ ಅದೇ.

ಮೊದಲು ಜಾಗ ಹೇಗಿದೆ ಹೇಳ್ತೀನಿ. ಮನೆ, ಕಣ, ತೋಟದ ಆಳುಗಳಿರೋ ಲೈನ್ ಮನೆ ಎಲ್ಲ ಕೆಳಗೆ ತಟ್ಟಲ್ಲಿವೆ. ಅಲ್ಲಿಂದ ಕಾಫಿ ಬ್ಲಾಕ್ ಹತ್ಕೊಂಡು ಹೋದ್ರೆ ಒಂದು ಮೂಗಿನ ಥರ ಮುಂದಕ್ಕೆ ಚಾಚ್ಕೊಂಡಿರೋ ಏಣು ಬರುತ್ತೆ, ಕಲ್ಲುಗುಪ್ಪೆ ಇರೋದು ಅಲ್ಲಿ. ಅದರ ಮೇಲೆ ಇನ್ನೂ 40 ಮೀಟರ್ ಏರಿದ್ರೆ ಗುಡ್ಡದ ನೆತ್ತಿ, ಬರೀ ಹುಲ್ಲು, ಗಾಳಿ, ದೂರಕ್ಕೆ ಕೋಟೆಬೆಟ್ಟ. ನೆತ್ತಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,100 ಮೀಟರ್. ಗುಡ್ಡದ ಆಚೆ ಮೈಗೆ ಒಂದು ತೊರೆ ಹರಿಯುತ್ತೆ, ಹಳೇ ಕಾಲುದಾರಿ ಆ ತೊರೆ ದಾಟಿ ಏರಿ, ಮೂಗಿನ ಪಕ್ಕದಲ್ಲೇ ಹಾದು ಈಚೆ ಊರಿಗೆ ಇಳಿಯುತ್ತೆ.

ಅಣ್ಣನ ಪ್ಲಾನು ನೋಡಿದ್ರೆ ನಗು ಬಂತು. ಕಾಂಟ್ರಾಕ್ಟರ್ ಒಬ್ಬ ಮೊಬೈಲಲ್ಲಿ ಡಿಸೈನ್ ಕಳ್ಸಿದ್ದ, ಗುಂಡಗೆ 30 ಅಡಿ ಎತ್ತರದ ಕಲ್ಲಿನ ಗೋಪುರ, ತಲೆ ಮೇಲೆ ಹಲ್ಲು ಹಲ್ಲಿನ ತೆನೆ, ಯೂರೋಪಿನ ಕೋಟೆ ಫೋಟೋ ನೋಡಿ ಬಿಡ್ಸಿದ್ದು ಅಂತ ಕಣ್ಣುಮುಚ್ಚಿ ಹೇಳ್ಬೋದು. ಕಲ್ಲುಗುಪ್ಪೆ ಮೂಗಿನ ಮೇಲಿದ್ರೂ ಟವರ್ ಮಾತ್ರ ನೆತ್ತಿ ಮೇಲೆ ಬೇಕಂತೆ. ಯಾಕಣ್ಣ ಅಂದ್ರೆ, "ಮೇಲೆ ಹೋದಷ್ಟೂ ಚೆನ್ನಾಗ್ ಕಾಣುತ್ತಲ್ಲ ಮಾರಾಯ, ಕಾವಲು ಅಂದ್ರೆ ಅದೇ ಅಲ್ವಾ?"

ಅದೇ ಅಲ್ಲ. ಈ ಬರಹ ಪೂರ್ತಿ ಅದರ ಮೇಲೇನೇ.

ಲೆಕ್ಕದಿಂದ ಶುರು ಮಾಡೋಣ. ಬಯಲಲ್ಲಿ ನಿಂತು ದಿಗಂತ ಎಷ್ಟು ದೂರ ಕಾಣುತ್ತೆ ಅನ್ನೋಕೆ ಒಂದು ಸುಲಭ ಸೂತ್ರ ಇದೆ, ಕಣ್ಣಿನ ಎತ್ತರ ಮೀಟರ್‌ನಲ್ಲಿ ತಗೊಂಡು ಅದರ ವರ್ಗಮೂಲಕ್ಕೆ 3.57 ಗುಣಿಸಿದ್ರೆ ಕಿಲೋಮೀಟರ್ ಬರುತ್ತೆ. ವಿಜಯಪುರದ ಉಪ್ಪಲಿ ಬುರುಜು ತಗೊಳ್ಳಿ, 1584ರಲ್ಲಿ ಕಟ್ಟಿದ್ದು, ಸುಮಾರು 80 ಅಡಿ ಅಂದ್ರೆ 24 ಮೀಟರ್, ಮೆಟ್ಟಿಲು ಹೊರಗಡೆಯಿಂದ ಸುತ್ಕೊಂಡು ಹೋಗುತ್ತೆ, ಮೇಲೆ ಉದ್ದುದ್ದ ಫಿರಂಗಿ. ಅದರ ಮೇಲೆ ನಿಂತೋನಿಗೆ 17 ಕಿಲೋಮೀಟರ್‌ಗಿಂತ ಜಾಸ್ತಿ ದೂರ ಕಾಣುತ್ತೆ, ಅದೇ ನೆಲದ ಮೇಲೆ ನಿಂತ ಆಳಿಗೆ 5 ಕಿಲೋಮೀಟರ್ ಕಂಡ್ರೆ ಪುಣ್ಯ. ಉತ್ತರ ಕರ್ನಾಟಕದ ಊರೂರಲ್ಲಿ ಹುಡೇವು ಅಂತ ಕಟ್ತಿದ್ರಲ್ಲ, ಅದರ ಕಾರಣಾನೂ ಇದೇ, ಬಯಲಲ್ಲಿ ಗೋಪುರ ಅಂದ್ರೆ ಕಣ್ಣಿಗೆ ಏಣಿ. ಈಗ ನಮ್ಮ ಗುಡ್ಡಕ್ಕೆ ಬನ್ನಿ. 1,100 ಮೀಟರ್ ಎತ್ತರಕ್ಕೆ ಸೂತ್ರ ಹಾಕಿದ್ರೆ 118.4 ಕಿಲೋಮೀಟರ್. ಅದರ ಮೇಲೆ ಅಣ್ಣನ 30 ಅಡಿ ಟವರ್ ಕಟ್ಟಿದ್ರೆ 118.9. ಲಕ್ಷಗಟ್ಲೆ ಸುರಿದು ಅರ್ಧ ಕಿಲೋಮೀಟರ್ ಲಾಭ! ಅದೂ ಮಧ್ಯೆ ಯಾವ ಬೆಟ್ಟಾನೂ ಅಡ್ಡ ಇಲ್ಲ ಅಂದ್ರೆ. ಕೊಡಗಲ್ಲಿ ಅಡ್ಡ ಬೆಟ್ಟ ಇಲ್ದೇ ಇರೋ ದಿಕ್ಕು ಯಾವ್ದಿದೆ ಹೇಳಿ.

ಹಾಗಂತ ಬೆಟ್ಟದ ಮೇಲೆ ಗೋಪುರ ಕಟ್ಟಿದೋರೆಲ್ಲ ದಡ್ಡರು ಅಂತಲ್ಲ. ಬೇರೆ ದೇಶದಲ್ಲಿ ಗುಡ್ಡದ ತುದೀಲಿ ಕಟ್ಟಿರೋ ಗೋಪುರಗಳ ಉಪಯೋಗ ಬೇರೆ ಇತ್ತು, ನಾಲ್ಕೈದು ಕಾವಲುಗಾರರು ಚಳಿ ಮಳೇಲಿ ಇರೋಕೆ ಜಾಗ, ಬೆಂಕಿ ಹಾಕೋ ಸೌದೆ ಒಣಗಿರೋಕೆ ಜಾಗ, ಶತ್ರು ಮೇಲೆ ಬಿದ್ರೆ ಬಾಗಿಲು ಹಾಕ್ಕೊಂಡು ಒಂದ್ ರಾತ್ರಿ ಜೀವ ಉಳಿಸ್ಕೊಳ್ಳೋಕೆ ಜಾಗ. ಬೈಜಾಂಟಿಯಂ ಸಾಮ್ರಾಜ್ಯದೋರು 9ನೇ ಶತಮಾನದಲ್ಲಿ ಈಗಿನ ಟರ್ಕಿಯಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹಚ್ಚೋ ಸಾಲು ಮಾಡಿದ್ರು, ಗಡಿಯ ಲೂಲೋನ್ ಕೋಟೆಯಿಂದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ 700 ಕಿಲೋಮೀಟರ್ ದಾಟಿ ಸುದ್ದಿ ಒಂದು ಗಂಟೇಲಿ ಮುಟ್ತಿತ್ತು ಅಂತಾರೆ. ನಂಗೆ ತುಂಬ ಇಷ್ಟ ಆಗಿದ್ದು ಇದರಲ್ಲಿ ಏನಪ್ಪಾ ಅಂದ್ರೆ, ಬೆಂಕಿಗೆ ಒಂದೇ ಮಾತು ಗೊತ್ತಿರೋದು, 'ಏನೋ ಆಗಿದೆ' ಅಂತ. ಏನಾಗಿದೆ ಅಂತ ಹೇಳೋಕೆ ಲಿಯೋ ಅನ್ನೋ ಗಣಿತಜ್ಞ ಎರಡೂ ತುದೀಲಿ ಒಂದೇ ಥರ ನಡೆಯೋ ಗಡಿಯಾರ ಇಡ್ಸಿದ್ನಂತೆ, ಇಂಥ ಗಂಟೇಲಿ ಬೆಂಕಿ ಬಿದ್ರೆ ದಾಳಿ, ಇಂಥ ಗಂಟೇಲಿ ಬಿದ್ರೆ ಯುದ್ಧ, ಹೀಗೆ 12 ಗಂಟೆಗೆ 12 ಸುದ್ದಿ. ಆದ್ರೆ ಅದು ಚಕ್ರವರ್ತಿಯ ಸಾಮ್ರಾಜ್ಯ. ನೂರಾರು ಕಿಲೋಮೀಟರ್ ಆಚೆಯಿಂದ ಸೈನ್ಯ ಬರುತ್ತೆ, ಅದನ್ನ ಎದುರಿಸೋ ಸೈನ್ಯಾನೂ ಅಷ್ಟೇ ದೂರದಲ್ಲಿದೆ. ನಮ್ಮ ಗುಡ್ಡಕ್ಕೆ ಬರ್ತಿದ್ದೋನು ಯಾರು?

ಅಲ್ಲಿಗೆ ಬರ್ತೀನಿ. ಅದಕ್ಕೂ ಮುಂಚೆ ರೆಡ್ ರೇನ್‌ಕೋಟ್ ಕಥೆ.

ಅಣ್ಣನ ಮಗನಿಗೆ ಕೆಂಪು ರೇನ್‌ಕೋಟ್ ಹಾಕ್ಸಿ, ಮಾರ್ಚ್ ತಿಂಗಳ ಬಿಸಿಲಲ್ಲಿ ಪಾಪ ಬೈಕೊಂಡೇ ಹೋದ, ತೊರೆ ಹತ್ರ ಕಳ್ಸಿದ್ವಿ. ಅಲ್ಲಿಂದ ಹಳೇ ಕಾಲುದಾರೀಲಿ ನಿಧಾನಕ್ಕೆ ಹತ್ಕೊಂಡು ಬಾ, ಫೋನ್ ಆನ್ ಇರ್ಲಿ. ನಾನು ಅಣ್ಣ ನೆತ್ತಿ ಮೇಲೆ. ದೂರದ ಗುಡ್ಡದ ಮೇಲಿನ ಮೊಬೈಲ್ ಟವರ್ ಕಾಣ್ತಿದೆ, ಆಚೆ ಊರಿನ ಶಾಲೆಯ ಶೀಟ್ ಮಿಂಚ್ತಿದೆ, ಕೋಟೆಬೆಟ್ಟ ಅಂತೂ ಕೈಗೆ ಸಿಗೋ ಹಾಗಿದೆ. ಹುಡ್ಗ ಮಾತ್ರ ಇಲ್ಲ! "ಎಲ್ಲಿದ್ಯೋ?" "ತೊರೆ ದಾಟ್ದೆ ಪಪ್ಪಾ." ಕಾಣ್ತಿಲ್ಲ. "ಈಗ?" "ದೊಡ್ ಅತ್ತಿ ಮರದ್ ಹತ್ರ." ಕಾಣ್ತಿಲ್ಲ. ಕೊನೆಗೆ ಕೆಂಪು ಬಣ್ಣ ಕಣ್ಣಿಗೆ ಬಿದ್ದಿದ್ದು ಅವನು ನಮ್ಮಿಂದ ಕೂಗಳತೆಗೆ ಬಂದ್ಮೇಲೆ. ನಮ್ಮ ಗುಡ್ಡ ಬೋರಲು ಹಾಕಿದ ಬಾಂಡ್ಲಿ ಥರ, ಹೊಟ್ಟೆ ಉಬ್ಬಿದೆ, ನೆತ್ತಿ ಮೇಲೆ ನಿಂತೋನಿಗೆ ಆ ಹೊಟ್ಟೆ ಅಡ್ಡ ಬಂದು ತನ್ನ ಕಾಲಬುಡಾನೇ ಕಾಣಲ್ಲ. 30 ಅಡಿ ಟವರ್ ಹತ್ತಿದ್ರೂ ಅಷ್ಟೇ, ಆಮೇಲೆ ಲ್ಯಾಪ್‌ಟಾಪಲ್ಲಿ ಉಪಗ್ರಹದ ಎತ್ತರದ ಡೇಟಾ ಹಾಕಿ ಚೆಕ್ ಮಾಡ್ದೆ, ಹೊಟ್ಟೆಯ ನೆರಳು ಒಂಚೂರು ಸಣ್ಣ ಆಯ್ತು ಬಿಟ್ರೆ ತೊರೆ ಕಾಣ್ಲೇ ಇಲ್ಲ.

ಎರಡನೇ ಸಲ ಹುಡ್ಗನ್ನ ಮತ್ತೆ ಕೆಳಗೆ ಕಳ್ಸಿ (ಇದಕ್ಕೆ ಅವನು ಒಂದು ಬಿರಿಯಾನಿ ವಸೂಲಿ ಮಾಡಿದ) ನಾವು ಮೂಗಿನ ಮೇಲೆ ಕಲ್ಲುಗುಪ್ಪೆ ಹತ್ರ ಕೂತ್ವಿ. ತೊರೆಗೆ ಕಾಲಿಟ್ಟಿದ್ದು ಕಾಣ್ತು. ಅತ್ತಿ ಮರ ಕಾಣ್ತು. ಮಧ್ಯೆ ಒಂದು ತಿರುವಲ್ಲಿ ಮರೆಯಾಗಿ ಮತ್ತೆ ಬಂದ. ದೂರದ ಊರು, ಶಾಲೆ ಶೀಟು ಯಾವ್ದೂ ಇಲ್ಲಿಂದ ಕಾಣಲ್ಲ, ಕೋಟೆಬೆಟ್ಟ ಅರ್ಧ ಮಾತ್ರ. ಆದ್ರೆ ಆ ದಾರೀಲಿ ಒಂದು ಕೋಳಿ ಬಂದ್ರೂ ಗೊತ್ತಾಗುತ್ತೆ.

ಅಣ್ಣ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಈಗ ಆ ಕಲ್ಲುಗುಪ್ಪೆ. ಕಾಡುಕಲ್ಲು, ಕೆತ್ತಿದ್ದಲ್ಲ, ಮೂರು ಕಡೆ ಸಾಲು ಗುರುತು ಸಿಗುತ್ತೆ, ಮೊಣಕಾಲೆತ್ತರ, ನಾಲ್ಕನೇ ಕಡೆ ಅಂದ್ರೆ ಊರಿನ ಕಡೆ ಖಾಲಿ. ಒಳಗೆ ಅಬ್ಬಬ್ಬಾ ಅಂದ್ರೆ ನಾಲ್ಕು ಜನ ಕೂರ್ಬೋದು. ಬಿದ್ದಿರೋ ಕಲ್ಲೆಲ್ಲ ಲೆಕ್ಕ ಹಾಕಿದ್ರೂ ಇನ್ನೆರಡು ಅಡಿ ಗೋಡೆ ಏಳ್ಬೋದೇ ಹೊರತು 30 ಅಡಿ ಗೋಪುರ ಯಾವತ್ತೂ ಇರ್ಲಿಲ್ಲ, ಅಷ್ಟು ಕಲ್ಲು ಅಲ್ಲಿಲ್ಲ, ಹತ್ರದ ಮನೆಗಳ ತಳಪಾಯದಲ್ಲೂ ಆ ಥರದ ಕಲ್ಲಿಲ್ಲ. ಅಗೆದು ನೋಡೋಣ ಅಂತ ಅಣ್ಣ ಕುಣಿದ, ಬೇಡ ಅಂದೆ, ಪುರಾತತ್ವದ ಅಗೆತಕ್ಕೆ ಲೈಸೆನ್ಸ್ ಬೇಕು, ನಾವು ಗುದ್ದಲಿ ಹಾಕಿದ್ರೆ ಇರೋ ಸಾಕ್ಷಿನೂ ಹಾಳು.

ಆದ್ರೆ ಅಸಲಿ ಸಾಕ್ಷಿ ಕಲ್ಲಲ್ಲಿ ಇರ್ಲೇ ಇಲ್ಲ, ಕಲ್ಲಿನ ಕಾಲಬುಡದಲ್ಲಿತ್ತು. ಗುಪ್ಪೆಯ ಹೊರಗಡೆ ಒಂದು ದೊಡ್ಡ ಹಳ್ಳ ಗುಡ್ಡದ ಮೈಗೆ ಅಡ್ಡವಾಗಿ ಹೋಗುತ್ತೆ, ಮೂಗಿನ ಹತ್ರ ಸರಿಯಾಗಿ ಮೊಣಕೈ ಥರ ತಿರುಗುತ್ತೆ. ಅಣ್ಣ ಅದನ್ನ ಆನೆ ಕಂದಕ ಅಂದ್ಕೊಂಡಿದ್ದ. ಅರಣ್ಯ ಇಲಾಖೆಯೋರು ತೋಡ್ಸಿರಬೇಕು, ಅಪ್ಪನ ಕಾಲದಲ್ಲಿ, ಅಂತ. ತೋಟದ ಹಳೇ ಮೇಸ್ತ್ರಿ ಅಜ್ಜ ಒಬ್ರಿದಾರೆ, ಅವರು ಎಲೆ ಅಡಿಕೆ ಉಗಿದು, "ಅದು ಕಡಂಗ ಸಾವ್ಕಾರ್ರೆ, ನಮ್ಮಜ್ಜನ್ ಅಜ್ಜಂಗೂ ಅದು ಹಳೇದೇ" ಅಂದ್ರು. ಅಷ್ಟೇ, ಕೇಸು ಅಲ್ಲೇ ತಿರುಗ್ತು.

ಕಡಂಗ ಅಂದ್ರೆ ಕೊಡಗಿನೋರಿಗೆ ಹೇಳ್ಬೇಕಿಲ್ಲ, ಬೇರೆ ಕಡೆಯೋರಿಗೆ ಹೇಳ್ತೀನಿ. ಇದು ಯುದ್ಧದ ಕಂದಕ. ಮಣ್ಣು ತೋಡಿ, ತೋಡಿದ ಮಣ್ಣನ್ನೇ ದಿಬ್ಬ ಮಾಡಿ, ಗುಡ್ಡ ಕಾಡು ಬಯಲು ಅಂತ ನೋಡ್ದೇ ಮೈಲಿಗಟ್ಟಲೆ ಎಳ್ಕೊಂಡು ಹೋಗಿರೋದು, ಕೆಲವು ಕಡೆ ಗುಡ್ಡದ ತಲೆ ಸುತ್ತಾನೂ ಬಳಸಿವೆ. ಕೊಡಗನ್ನ ಆಳಿದ ಹಾಲೇರಿ ರಾಜರಿಗಿಂತ ಎಷ್ಟೋ ಹಿಂದಿನ ಶಾಸನಗಳಲ್ಲೇ ಕಡಂಗದ ಮಾತಿದೆ, ಕಡಂಗ ಅನ್ನೋ ಹೆಸರಿನ ಊರೂ ಇದೆ. ಇಷ್ಟೆಲ್ಲ ಇದ್ದೂ ನಮ್ಮೋರಿಗೆ ಅದರ ಮೇಲೆ ಮರ್ಯಾದೆ ಇಲ್ಲ, ಕಲ್ಲಿಂದಾದ್ರೆ ಸ್ಮಾರಕ, ಮಣ್ಣಿಂದಾದ್ರೆ ಹಳ್ಳ.

ಟೇಪ್ ಹಿಡಿದು ಅಳೆದ್ವಿ. ಚೆನ್ನಾಗಿ ಉಳಿದಿರೋ ಕಡೆ ದಿಬ್ಬದ ತಲೆಯಿಂದ ಹಳ್ಳದ ತಳಕ್ಕೆ 14 ಅಡಿ, ಎಲೆ ಕೊಳೆತು ತುಂಬಿರೋ ಕಡೆ ಬರೀ ಐದಾರು. ಅದರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಒಂದು ಸಣ್ಣ ವಿಷಯ. ಇಳಿಜಾರಲ್ಲಿ ಯಾವನೇ ಆಗ್ಲಿ ಹಳ್ಳ ತೋಡಿದ್ರೆ ಮಣ್ಣನ್ನ ಕೆಳಗೆ ಎಸೀತಾನೆ, ಅದು ಸುಲಭ, ತೋಟದಲ್ಲಿ ಚರಂಡಿ ತೆಗೆಯೋ ಆಳುಗಳನ್ನ ನೋಡಿ. ಇಲ್ಲಿ ದಿಬ್ಬ ಇರೋದು ಹಳ್ಳದ ಮೇಲ್ಗಡೆ! ಅಂದ್ರೆ ಬುಟ್ಟಿ ಬುಟ್ಟಿ ಮಣ್ಣನ್ನ ಏರಿಗೆ ಹೊತ್ತು ಹಾಕಿದಾರೆ. ನೀರು ಬಿಡೋಕೋ ಗಡಿ ಗುರುತಿಗೋ ಯಾರೂ ಆ ಪರಿ ಸೊಂಟ ಮುರ್ಕೊಳ್ಳಲ್ಲ. ತೊರೆ ಕಡೆಯಿಂದ ಹತ್ತಿ ಬರೋನು ಮೊದಲು ಹಳ್ಳಕ್ಕೆ ಇಳೀಬೇಕು, ಆಮೇಲೆ ಜಾರೋ ಮಣ್ಣಿನ ಗೋಡೆ ಹತ್ಬೇಕು, ಮೇಲೆ ಯಾರೋ ಕಾಯ್ತಾ ನಿಂತಿರ್ತಾನೆ. ಆ ಮೊಣಕೈ ತಿರುವಲ್ಲಿ ಕೂತ ನಾಲ್ಕು ಜನಕ್ಕೆ ಕಡಂಗದ ಎರಡೂ ತೋಳು ಉದ್ದಕ್ಕೂ ಕಾಣುತ್ತೆ, ಕಾಲುದಾರಿ ಕಾಣುತ್ತೆ, ತೊರೆ ಕಾಣುತ್ತೆ. ಕಾವಲು ಮಾಡೋಕೆ ಇನ್ನೇನ್ ಬೇಕು?

ಈಗ ಬರ್ತಿದ್ದೋನು ಯಾರು ಅನ್ನೋದು. ಉತ್ತರ ಕೊಡಗು 11ನೇ ಶತಮಾನದಲ್ಲಿ ಕೊಂಗಾಳ್ವರ ಕೈಲಿತ್ತು, ಚೋಳರ ಸಾಮಂತರು ಅವರು, ಶನಿವಾರಸಂತೆ ಹತ್ರ ಮುಳ್ಳೂರಿನ ಬಸದಿಯಲ್ಲಿ 1058ರ ರಾಜೇಂದ್ರ ಕೊಂಗಾಳ್ವನ ಶಾಸನ ಇದೆ. ಆಮೇಲೆ ಹೊಯ್ಸಳರು, ಆಮೇಲೆ ನಾಡುನಾಡಿಗೊಬ್ಬ ನಾಯಕ. ದೊಡ್ಡ ರಾಜ್ಯದ ಹೆಸರು ಶಾಸನದಲ್ಲಿ ಏನೇ ಇರ್ಲಿ, ನೆಲದ ಮೇಲೆ ಜಗಳ ಪಕ್ಕದ ನಾಡಿನೋನ ಜೊತೆ. ಬೆಳಗಿನ ಜಾವ ನೂರಿನ್ನೂರು ಜನ ತೊರೆ ದಾಟಿ ಬಂದು ದನ ಹೊಡ್ಕೊಂಡು, ಕಣಜಕ್ಕೆ ಕೈ ಹಾಕಿ, ಬಿಸಿಲೇರೋಕೆ ಮುಂಚೆ ವಾಪಸ್ ಹೋಗೋ ಥರದ ಜಗಳ. ಇಂಥೋನು 118 ಕಿಲೋಮೀಟರ್ ದೂರದಲ್ಲಿ ಧೂಳೆಬ್ಬಿಸ್ಕೊಂಡು ಬರಲ್ಲ, ಮರದ ಮರೇಲಿ ಬರ್ತಾನೆ. ಅವನನ್ನ ಹಿಡಿಯೋ ಕಣ್ಣು ಹತ್ರದ್ದಾಗಿರ್ಬೇಕು.

ಟೈಮ್ ಹಾಕಿ ನೋಡಿದ್ವಿ ಇದನ್ನೂ. ತೊರೆಯಿಂದ ಕಡಂಗಕ್ಕೆ ಹುಡ್ಗ ಹತ್ತಿ ಬಂದಿದ್ದು 38 ನಿಮಿಷ. ಗುಪ್ಪೆಯಿಂದ ಹಳೇ ಮನೆಗಳ ತಟ್ಟಿಗೆ ನಾನು ಓಡೋಡ್ಕೊಂಡು ಇಳಿದಿದ್ದು 11 ನಿಮಿಷ, ಮಂಡಿ ನೋವಿರೋ ನಾನು. ತೊರೇಲಿ ಕಂಡ ತಕ್ಷಣ ಒಬ್ಬ ಕೆಳಗೆ ಓಡಿದ್ರೆ, ಬರೋನು ಕಡಂಗ ಮುಟ್ಟೋಕೆ ಮುಂಚೆ ಊರಿಗೆ ಇನ್ನೂ 27 ನಿಮಿಷ ಕೈಲಿರುತ್ತೆ, ಗಂಡಸರು ಮೇಲೆ ಬರ್ಬೋದು, ದನ ಹೆಂಗಸರು ಮಕ್ಕಳು ಕಾಡು ಸೇರ್ಬೋದು. ಕೂಗೋ ಕೊಂಬೋ ಇದ್ರೆ ಆ 11 ನಿಮಿಷಾನೂ ಉಳೀತು. ಕೊಂಬಿನ ಸದ್ದು ಕಣಿವೆ ದಾಟೋದನ್ನ ನಮ್ಮ ಕಡೆ ಮದುವೆ, ಹಬ್ಬಕ್ಕೆ ಬಂದೋರೆಲ್ಲ ಕೇಳಿರ್ತೀರ. ಅದೇ ನೆತ್ತಿ ಮೇಲೆ ಕೂತಿದ್ರೆ? ಬರೋನು ಕಾಣೋದು ಕೂಗಳತೆಗೆ ಬಂದ್ಮೇಲೆ, ನೆತ್ತಿಯಿಂದ ಊರಿಗೆ ಇಳಿಯೋಕೆ 20 ನಿಮಿಷ. ಸುದ್ದಿ ಊರಿಗೆ ಮುಟ್ಟೋ ಹೊತ್ತಿಗೆ ದನ ತೊರೆ ದಾಟಿರುತ್ತೆ.

ಮಳೆಗಾಲದಲ್ಲಿ ಏನ್ ಮಾಡ್ತಿದ್ರು ಅಂತ ಅತ್ತಿಗೆ ಕೇಳಿದ್ಲು, ಒಳ್ಳೇ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮೂಗಿನ ಮೇಲೆ ಹತ್ತಡಿ ಮುಂದೆ ಏನಿದೆ ಕಾಣಲ್ಲ, ಮಂಜು, ಗಾಳಿ, ಮೇಲಿಂದ ಇಂಬಳ. ಆದ್ರೆ ಬರೋನಿಗೂ ಅದೇ ಮಂಜು, ತೊರೆ ಸೊಂಟ ದಾಟಿ ಹರೀತಿರುತ್ತೆ. ಕೊಡಗಿನ ಮೇಲೆ ಬಂದ ದಂಡುಗಳಿಗೂ ಬೇಸಿಗೆಯೇ ಅನುಕೂಲದ ಕಾಲ. 1834ರಲ್ಲಿ ಬ್ರಿಟಿಷರು ಬಂದಿದ್ದೂ ಏಪ್ರಿಲ್‌ನಲ್ಲೇ.

ಆ 1834 ಮಧ್ಯಯುಗ ಅಲ್ಲ, ಗೊತ್ತು, ಆದ್ರೂ ನಮ್ಮ ಕೇಸಿಗೆ ಅದು ಕನ್ನಡಿ ಇದ್ದಂಗೆ. ಕೊಡಗಿನ ಕೊನೇ ರಾಜ ಚಿಕ್ಕವೀರರಾಜನ ಮೇಲೆ ಬ್ರಿಟಿಷರು ನಾಲ್ಕು ಕಡೆಯಿಂದ ತುಕಡಿ ಕಳ್ಸಿದ್ರು. ಉತ್ತರದಿಂದ ಬಂದ ತುಕಡಿ ಏಪ್ರಿಲ್ 3ಕ್ಕೆ ಸೋಮವಾರಪೇಟೆ ಸೀಮೇಲಿ, ಅವರ ಕಾಗದಗಳಲ್ಲಿ 'ಬಕ್' ಅಂತ ಬರೆದಿರೋ ಜಾಗದಲ್ಲಿ, ಕೊಡಗಿನೋರ ತಡೆಗೋಡೆಗೆ ಡಿಕ್ಕಿ ಹೊಡೀತು. ಫಿರಂಗಿ ಬಂದೂಕು ಎಲ್ಲ ಇದ್ದೂ ಒಳಗೆ ನುಗ್ಗೋಕಾಗ್ದೆ ಹಿಂದೆ ಸರೀಬೇಕಾಯ್ತು, 55ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಮಿಲ್ ಅಲ್ಲೇ ಸತ್ತ. ಆ ತಡೆ ಯಾವ ಶಿಖರದ ಮೇಲೂ ಇರ್ಲಿಲ್ಲ, ದಾರಿಯ ಕುತ್ತಿಗೆಯಲ್ಲಿತ್ತು. ರಾಜರ ಕಾಲದ ಉಕ್ಕಡಗಳೂ ಹಾಗೇನೇ, ಉಕ್ಕಡ ಅಂದ್ರೆ ಕಾವಲು ಠಾಣೆ, ಇರ್ತಿದ್ದಿದ್ದು ದಾರಿ ಒಳಗೆ ಬರೋ ಬಾಗಿಲಲ್ಲಿ. ಹಾಗಂತ ಒಂದು ಬಾಗಿಲು ಗಟ್ಟಿ ಇದ್ರೆ ಮನೆ ಉಳಿಯುತ್ತೆ ಅಂತೇನಿಲ್ಲ, ಪೂರ್ವದ ತುಕಡಿ ಏಪ್ರಿಲ್ 6ಕ್ಕೆ ಮಡಿಕೇರಿ ಕೋಟೆ ಮೇಲೆ ಬಾವುಟ ಹಾರಿಸ್ತು. ಸಕಲೇಶಪುರದ ಮಂಜರಾಬಾದ್ ಥರ ಗುಡ್ಡದ ತಲೆ ಮೇಲೇ ಕೋಟೆ ಕಟ್ಟಿದ್ದೂ ಇದೆ, ಟಿಪ್ಪು ಕಾಲದ್ದು, ನಕ್ಷತ್ರದ ಆಕಾರ, ಆದ್ರೆ ಅದು ಫಿರಂಗಿ ಕಾಲದ ಯೋಚನೆ, ಘಾಟಿ ಹೆದ್ದಾರಿ ಕಾಯೋಕೆ, ಖಜಾನೆ ಇದ್ದೋರ ಕೆಲಸ. ನಾಲ್ಕು ಜನ ಕೂರೋ ಗುಪ್ಪೆ ಕಟ್ಟಿದೋರಿಗೆ ಇದ್ದಿದ್ದು ಗುದ್ದಲಿ, ಬುಟ್ಟಿ, ರಟ್ಟೆ.

ಇಲ್ಲಿಗೆ ಅಣ್ಣ ಟವರ್ ಆಸೆ ಬಿಟ್ಟ ಅಂದ್ಕೊಂಡ್ರೆ ತಪ್ಪು. ರಿಪೋರ್ಟ್ ಥರ ನಾಲ್ಕು ಪೇಜ್ ಬರೆದು ಕೊಟ್ಟೆ, ಚೆನ್ನಾಗಿದೆ ಅಂದ, ನಾನು ಮೈಸೂರಿಗೆ ವಾಪಸ್ ಬಂದ ಹದಿನೈದೇ ದಿನಕ್ಕೆ ಜೆಸಿಬಿ ಕರ್ಸಿದ. ಟವರ್‌ಗಲ್ಲ, ಪಾರ್ಕಿಂಗ್‌ಗೆ. ಕಾರು ಮೂಗಿನ ಹತ್ರಾನೇ ಬರ್ಲಿ ಅಂತ ಕಡಂಗದ 60 ಅಡಿ ಉದ್ದಕ್ಕೂ ದಿಬ್ಬ ಕೆಡವಿ ಹಳ್ಳಕ್ಕೆ ತುಂಬ್ಸಿ ಸಪಾಟು ಮಾಡ್ಬಿಟ್ಟ. ಫೋನಲ್ಲಿ ಬೈದೆ. "ಬರೀ 60 ಅಡಿ ಕಣೋ" ಅಂದ.

ಆ ಜೆಸಿಬಿ ಕೊರೆದ ಬಾಯಿ ಮಾತ್ರ ನಂಗೆ ಒಂದು ಉಪಕಾರ ಮಾಡ್ತು, ಅದನ್ನ ಬರೀದೇ ಇರೋಕಾಗಲ್ಲ. ಓಡೋಡಿ ಹೋಗಿ ನೋಡಿದ್ರೆ ದಿಬ್ಬದ ಅಡ್ಡಕೊಯ್ತ ಕೇಕ್ ಕತ್ತರಿಸಿದ ಹಾಗೆ ನಿಂತಿತ್ತು. ಮೇಲೆ ಈಗಿನ ಎಲೆಗೊಬ್ಬರದ ಕಪ್ಪು, ಅದರ ಕೆಳಗೆ ಕೆಂಪು ಹಳದಿ ಕಲಸಿದ ಮಣ್ಣು, ಅದರ ಕೆಳಗೆ ಮತ್ತೊಂದು ಕಪ್ಪು ಗೆರೆ, ಬೆರಳುದ್ದ ದಪ್ಪ. ಆ ಕೆಳಗಿನ ಕಪ್ಪು ಅಂದ್ರೆ ಕಡಂಗ ತೋಡೋ ದಿನ ನೆಲ ಆಗಿದ್ದ ನೆಲ. ಅದರ ಮೇಲೆ ಮೊದಲ ಬುಟ್ಟಿ ಮಣ್ಣು ಬಿದ್ದಿದ್ದು. ಫೋಟೋ ತೆಗೆದು, ಸ್ಕೇಲ್ ಇಟ್ಟು, ಗೆರೆ ಅಳೆದು ಬರ್ಕೊಂಡು, ಮಳೆಗೆ ಕೊಚ್ಚಿ ಹೋಗದ ಹಾಗೆ ಟಾರ್ಪಾಲು ಹೊದ್ಸಿದೆ.

ಜುಲೈ ಬಂತು. ಕಡಂಗಕ್ಕೆ ತೊರೆ ಕಡೆ ಮೆಲ್ಲಗೆ ಇಳಿಜಾರಿತ್ತು, ತೋಡಿದೋರು ಬೇಕಂತಲೇ ಮಾಡಿದ್ರೋ ನೆಲವೇ ಹಾಗಿತ್ತೋ, ಗುಡ್ಡದ ಆ ಮೈಯ ಮಳೆನೀರೆಲ್ಲ ಇಷ್ಟು ವರ್ಷ ಅದರಲ್ಲೇ ಹೋಗಿ ತೊರೆ ಸೇರ್ತಿತ್ತು. 60 ಅಡಿ ಮುಚ್ಚಿದ್ರಲ್ಲ, ನೀರಿಗೆ ದಾರಿ ಇಲ್ಲ, ಪಾರ್ಕಿಂಗ್ ಮೇಲೆ ಹಾಯ್ದು ಏಣು ದಾಟಿ ಈಚೆ ಕಾಫಿ ಬ್ಲಾಕಿಗೆ ನುಗ್ತು. ಎರಡೇ ರಾತ್ರೀಲಿ ಆಳೆತ್ತರದ ಕೊರಕಲು ಬಿತ್ತು, ಫಲಕ್ಕೆ ಬಂದಿದ್ದ ಗಿಡ ಒಂದು ಸಾಲು ಪೂರ್ತಿ ಹೋಯ್ತು, ಕೆಂಪು ನೀರು ಲೈನ್ ಮನೆ ಮೆಟ್ಟಿಲವರೆಗೂ. 2018ರ ಆಗಸ್ಟ್ ನೋಡಿದೋರು ನಾವು, ಮಾದಾಪುರ ಹಟ್ಟಿಹೊಳೆ ಕಡೆ ಗುಡ್ಡ ಜಾರಿ ಬಂದಿದ್ದು ಮರೆಯೋ ಮಾತಲ್ಲ. ರಾತ್ರಿ ಎರಡು ಗಂಟೆಗೆ ಲೈನ್ ಮನೆಯೋರನ್ನೆಲ್ಲ ಕಣದ ಗೋಡೌನಿಗೆ ಶಿಫ್ಟ್ ಮಾಡಿದಾರೆ. ಅಣ್ಣ ಫೋನ್ ಮಾಡ್ದಾಗ ದನಿ ನಡುಗ್ತಿತ್ತು, ನಾನು ಬೈಯೋಕೆ ಹೋಗ್ಲಿಲ್ಲ.

ಮಳೆ ಬಿಟ್ಟ ನಾಲ್ಕು ದಿನದಲ್ಲಿ ಮೇಸ್ತ್ರಿ ಅಜ್ಜನ ಮಾತಿನ ಮೇಲೆ ಆರು ಆಳು ಹಾಕಿ ಕೈಯಲ್ಲೇ ತೆಗೆಸೋಕೆ ಶುರು ಮಾಡಿದ್ವಿ, ಜೆಸಿಬಿ ಮತ್ತೆ ಹತ್ತಿಸಿದ್ರೆ ನೆನೆದ ಮಣ್ಣು ಕುಸಿಯುತ್ತೆ ಅಂತ. ತುಂಬಿದ ಸಡಿಲ ಮಣ್ಣನ್ನ ಮಾತ್ರ ಎತ್ತಿ, ಹಳೇ ಗಟ್ಟಿ ತಳ ಸಿಕ್ಕ ಕಡೆ ನಿಲ್ಲಿಸಿದ್ವಿ. ಒಂಬತ್ತು ದಿನ ಹಿಡೀತು. ಮೂರನೇ ದಿನ ಒಬ್ಬ ಆಳು ಮಣ್ಣನ್ನ ಅಭ್ಯಾಸಬಲದಲ್ಲಿ ಕೆಳಗೆ ಎಸೀತಿದ್ದ, ಅಣ್ಣ ಅವನನ್ನ ತಡೆದು, "ಮೇಲಕ್ಕೆ ಹಾಕು, ಮೇಲಕ್ಕೆ, ಅದು ಮೊದ್ಲಿಂದ ಇದ್ದಿದ್ದೇ ಹಂಗೆ" ಅಂದಿದ್ದನ್ನ ನಾನೇ ಕೇಳಿದೀನಿ. ಸಂಜೆ ಹೊತ್ತಿಗೆ ಆಳುಗಳು ಭುಜ ಹಿಡ್ಕೊಂಡು ಕೂತಿದ್ರು, ದಿನಕ್ಕೆ ಏಳಡಿ ಮುಂದೆ ಹೋಗ್ತಿರ್ಲಿಲ್ಲ ಕೆಲಸ, ಅದೂ ಸಡಿಲ ಮಣ್ಣು, ಕಬ್ಬಿಣದ ಹಾರೆ ಪಿಕಾಸಿ ಬಾಂಡ್ಲಿ ಎಲ್ಲ ಇದ್ದು. ನಮ್ಮ ಗುಡ್ಡದ ಮೇಲಿನ ಕಡಂಗ ನಾನು ನಡೆದು ನೋಡಿದಷ್ಟೇ ಎರಡು ಕಿಲೋಮೀಟರ್ ದಾಟುತ್ತೆ, ಆಚೆ ಪಕ್ಕದೋರ ತೋಟಕ್ಕೂ ಹೋಗಿದೆ.

ಪಾರ್ಕಿಂಗ್ ಈಗ ಕೆಳಗೆ ಕಣದ ಪಕ್ಕ. ಕಡಂಗಕ್ಕೆ ಎರಡು ಸಿಲ್ವರ್ ಓಕ್ ದಿಮ್ಮಿ ಅಡ್ಡ ಹಾಕಿ ಕಾಲುಸಂಕ ಮಾಡಿದಾರೆ, ಕಲ್ಲುಗುಪ್ಪೆ ಮುಟ್ಟಿಲ್ಲ, ಅದರ ಹಿಂದೆ ಎಂಟಡಿ ಬಿಟ್ಟು ಒಂದು ಮರದ ಬೆಂಚು. ಬಂದ ಗೆಸ್ಟುಗಳು ಬಹಳಷ್ಟು ಜನ ಅಲ್ಲಿ ಕೂರಲ್ಲ, ಸೀದಾ ನೆತ್ತಿಗೆ ಹೋಗಿ ಕೋಟೆಬೆಟ್ಟದ ಜೊತೆ ಸೆಲ್ಫಿ ತಗೊಂಡು ಇಳೀತಾರೆ. ಹೋದ ತಿಂಗಳು ನಾನು ಹೋದಾಗ ಅಣ್ಣನ ಮಗ ಬೆಂಚಿನ ಮೇಲೆ ಕೂತು, ತೊರೆ ಕಡೆಯಿಂದ ಟ್ರೆಕ್ಕಿಂಗ್‌ಗೆ ಹತ್ತಿ ಬರ್ತಿದ್ದ ಬೆಂಗಳೂರಿನ ಗುಂಪಿಗೆ ಅಡುಗೆಮನೆಗೆ ಫೋನ್ ಮಾಡಿ ಹೇಳ್ತಿದ್ದ: "ಅಮ್ಮಾ, ಏಳು ಜನ, ಅತ್ತಿ ಮರ ದಾಟಿದ್ರು, ಅರ್ಧ ಗಂಟೆ ಆಗುತ್ತೆ, ಈಗ್ಲೇ ಕಾಫಿ ಇಡ್ಬೇಡ."